ಹೊಗೆ ಬಾರದ ಗಾಡಿ

ಗಾಡಿ ಸತ್ತಿದೆ ಎಂದು ನಾನು ತೀರ್ಮಾನಿಸಿದ್ದು ಎರಡನೇ ಕಿಕ್ಕಿಗೆ. ನನ್ನ ಮಟ್ಟಿಗೆ ಅದು ತಡವೇ. ನಾಯಿ ಬೊಗಳಿದರೆ ಚಿರತೆ ಬಂತು, ಬೊಗಳದಿದ್ದರೆ ಚಿರತೆ ನಾಯಿಯನ್ನು ಒಯ್ದಿತು ಎಂದುಕೊಳ್ಳುವ ತಲೆ ನನ್ನದು. ಇಂಥ ತಲೆ ಹೊತ್ತುಕೊಂಡು ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಬಾರದಿತ್ತು. ಕೊಂಡಾಗಿತ್ತು.

ನಾಲ್ಕು ದಪ್ಪ ಗಾಲಿಯ ಕ್ವಾಡ್ ಬೈಕು ಅದು, ಟೂ ಸ್ಟ್ರೋಕು. ಗಣೇಶಗುಡಿಯ ಕಡೆ ಪ್ರವಾಸಿಗರನ್ನು ಕೂರಿಸಿ ಕೆಸರಲ್ಲಿ ಸುತ್ತಿಸುತ್ತಿದ್ದ ರೆಸಾರ್ಟೊಂದು ಬಾಗಿಲು ಹಾಕಿದಾಗ ಸಿಕ್ಕಿತ್ತು. ಶೋಕಿಗೆ ತಂದದ್ದಲ್ಲ. ದಾಂಡೇಲಿಯ ನೌಕರಿ ಬಿಟ್ಟು ನಾವು ಎರಡು ಕೋಣೆಯ ಹೋಂಸ್ಟೇ ಮಾಡಿಕೊಂಡಿರುವ ಮನೆ ಡಾಂಬರು ರಸ್ತೆಯಿಂದ ಒಳಗೆ, ಹಳ್ಳದ ಆಚೆ. ಹಳ್ಳ ದಾಟುವಲ್ಲಿ ಮರಗಳ ಸಂದಿ ಕಿರಿದು, ಜೀಪು ನುಗ್ಗುವುದಿಲ್ಲ. ಎರಡು ಗಾಲಿಯ ಬೈಕು ಕಲ್ಲುಗಳ ಮೇಲೆ ಜಾರುತ್ತದೆ. ಮಳೆಗಾಲದ ಶುರುವಿನಲ್ಲಿ ಹೆಂಡತಿ ಮೊಣಕಾಲಿನ ಆಪರೇಶನ್ ಮುಗಿಸಿಕೊಂಡು ಹುಬ್ಬಳ್ಳಿಯಿಂದ ಬಂದಾಗ ಈ ಗಾಡಿಯ ಮೇಲೇ ಮನೆ ಸೇರಿದ್ದಳು. ಆಮೇಲೆ ಅವಳೂ ಹೊರಗೆ ಹೋಗಲಿಲ್ಲ, ಗಾಡಿಯೂ ಕೊಟ್ಟಿಗೆ ಬಿಟ್ಟು ಕದಲಲಿಲ್ಲ.

ಈಗ ಕದಲಲೇಬೇಕಿತ್ತು. ಮಾರನೆಯ ದಿನ ಹಳಿಯಾಳದಲ್ಲಿ, ಬೀಗರ ಮನೆಯಲ್ಲಿ, ಮಗಳ ಕುಬಸ. ಹೋದ ಸಲ ಬಸುರು ನಿಂತಿರಲಿಲ್ಲ. ಈ ಸಲ ಏಳನೆಯ ತಿಂಗಳು ಮುಟ್ಟಿತ್ತು. ತವರಿನ ಬುತ್ತಿ, ಹಸಿರು ಸೀರೆ, ಹಸಿರು ಬಳೆ ತಾಯಿಯ ಕೈಯಿಂದಲೇ ಹೋಗಬೇಕು. ತಾಯಿಗೆ ಅಂಗಳದ ಮೆಟ್ಟಿಲಿಳಿಯುವುದೇ ಕಷ್ಟ.

ಬೆಳಿಗ್ಗೆಯೇ ನನ್ನ ಹೆಂಡತಿಯ ತಮ್ಮ ಬಂದಿದ್ದ. ಗಣೇಶಗುಡಿಯಲ್ಲಿ ರಾಫ್ಟಿಂಗಿನವರ ಜೀಪು ಓಡಿಸುತ್ತಾನೆ. ಕಿಕ್ ಹೊಡೆದು ಹೊಡೆದು ಬೆವರಿದ್ದ ನನ್ನನ್ನು ನೋಡಿ ಹಲ್ಲು ಕಿರಿದ.

“ಏನ್ ಮಾಮಾ, ಗಾಡಿ ಒದೀತೀರೋ, ಗಾಡೀನ ನಿಮ್ಮನ್ನ ಒದ್ಯಾಕತ್ತೈತೋ?”

“ಪಿಸ್ಟನ್ ಹೋಗೇತಿ ತಮ್ಮಾ. ಹಿಡಕೊಂಡು ಬಿಟ್ಟೈತಿ.”

“ಹಿಡಕೊಂಡಿದ್ರ ಕಿಕ್ಕರ ಎಲ್ಲಿ ಇಳೀತಿತ್ರಿ? ಸರೀರಿ ಅತ್ಲಾಗ.”

ಅದೂ ನಿಜವೇ. ಕಿಕ್ಕು ಇಳಿಯುತ್ತಿತ್ತು. ಎಂಜಿನ್ನು ಫಟ್ ಎಂದು ಒಂದು ಸಲ ಸೀನಿ ಸುಮ್ಮನಾಗುತ್ತಿತ್ತು. ಅವನು ಪ್ಲಗ್ ಬಿಚ್ಚಿದ. ತುದಿ ಪೆಟ್ರೋಲಿನಲ್ಲಿ ಒದ್ದೆ. ಅಂದರೆ ಪೆಟ್ರೋಲು ಒಳಗೆ ಹೋಗುತ್ತಿದೆ. ಒರೆಸಿ, ಎಂಜಿನ್ನಿಗೆ ತಾಗಿಸಿ ಹಿಡಿದ. ನಾನು ಕಿಕ್ ಒದ್ದೆ. ನೀಲಿ ಕಿಡಿ ಚಟ್ಟೆಂದಿತು. ಕಿಡಿಯೂ ಇದೆ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿಕೊಳ್ಳಲು ಹೇಳಿದ. ಸ್ವಿಚ್ಚು ಆಫ್ ಇದೆಯೇ ಎಂದು ಮೂರು ಸಲ ಕೇಳಿ ಒತ್ತಿದೆ. ಅವನು ಒದ್ದಾಗ ಒಳಗಿನ ಗಾಳಿ ನನ್ನ ಬೆರಳನ್ನು ಎತ್ತಿ ಬಿಸಾಡಿತು. ಒತ್ತಡವೂ ಇದೆ.

ಪೆಟ್ರೋಲು, ಕಿಡಿ, ಒತ್ತಡ. ಎಂಜಿನ್ನು ಬದುಕಲು ಇಷ್ಟು ಸಾಕೆಂದು ಅವನು ಹೇಳಿದ. ಇಷ್ಟೂ ಇದ್ದು ಅದು ಬದುಕುತ್ತಿರಲಿಲ್ಲ. ನನ್ನ ರಕ್ತದ ವರದಿಗಳೂ ಪ್ರತಿವರ್ಷ ಹೀಗೇ ಎಲ್ಲ ಸರಿಯಾಗಿ ಬಂದು ನನ್ನನ್ನು ಮತ್ತಷ್ಟು ಹೆದರಿಸುತ್ತವೆ.

“ಇನ್ನ ಒಂದ ದಾರಿ ಮಾಮಾ. ಅಕ್ಕನ್ನ ಕುರ್ಚಿ ಮ್ಯಾಲೆ ಕುಂದ್ರಿಸಿ ಇಬ್ರೂ ಹೊತ್ಕೊಂಡು ಹೋಗೂಣು. ಮುಂದ ಒಬ್ಬಾವ ಹಲಗಿ ಬಾರಸ್ಲಿ.”

“ನಿನ್ನ ಬಾಯಾಗ ಮಣ್ಣ ಹಾಕ್ಲಿ,” ಎಂದಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಚಟ್ನಿಪುಡಿ ಕುಟ್ಟುತ್ತಿದ್ದ ಅವನ ಅಕ್ಕ. ಕುಟ್ಟುವುದು ನಿಲ್ಲಿಸಿ ಮೂಗೆಳೆದಳು. “ಅಲ್ಲರೀ, ಹೊಗಿ ಎಲ್ಲೈತಿ?”

“ಯಾವ ಹೊಗಿ?”

“ಈ ಗಾಡಿ ಚಲೋ ಇದ್ದಾಗ ನಾ ಒಗದ ಬಟ್ಟಿ ಅಷ್ಟೂ ಹೊಗಿ ನಾರ್ತಿದ್ವು. ಮುಂಜಾನಿಂದ ಒದ್ಯಾಕತ್ತೀರಿ, ಒಂದು ಕೆಮ್ಮ ಸುದ್ದಾ ಬರವಲ್ದು ನನಗ.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿ, ಹೊಗೆ ಉಗುಳದೆ ಒಂದು ಸೀನೂ ಸೀನುವುದಿಲ್ಲ. ಪ್ಲಗ್ ಮತ್ತೆ ಹಾಕಿ, ಸೈಲೆನ್ಸರಿನ ಬಾಲಕ್ಕೆ ಅಂಗೈ ಹಿಡಿದೆ. ಅವನು ಒದ್ದ. ಗಾಳಿಯ ಸುಳಿವಿಲ್ಲ.

ಸೈಲೆನ್ಸರ್ ಬಿಚ್ಚಿದೆವು. ಅದು ಕೂತಿದ್ದ ಜಾಗದಲ್ಲಿ ಎಂಜಿನ್ನಿನ ಪಕ್ಕೆಯೊಳಗೆ ಒಂದು ಕಿಂಡಿ ಕಂಡಿತು. ಟಾರ್ಚು ಬಿಟ್ಟು ಕಣ್ಣಿಟ್ಟೆ. ಅವನು ಕಿಕ್ಕನ್ನು ಕೈಯಿಂದಲೇ ಮೆಲ್ಲಗೆ ಒತ್ತಿದ. ಹೊಳೆಯುವ ಪಿಸ್ಟನ್ನು, ನಾನು ಒಡೆದುಹೋಗಿದೆ ಎಂದು ಶೋಕಿಸಿದ್ದ ಅದೇ ಪಿಸ್ಟನ್ನು, ತೊಳೆದಿಟ್ಟ ಸ್ಟೀಲಿನ ಲೋಟದಂತೆ ಮೇಲೇರಿ ಬಂದು ಕಿಂಡಿ ಮುಚ್ಚಿತು. ಇಳಿದು ತೆರೆಯಿತು. ಬಾಗಿಲಿಗೆಂದು ಬೇರೆ ಏನೂ ಇಲ್ಲ. ಕೆಲಸ ಮಾಡುವವನೇ ಬಾಗಿಲು. ಇಷ್ಟು ಸರಳವಾದ ಉಪಾಯದ ಮೇಲೆ ನನ್ನ ಹೆಂಡತಿ ಕಾಡು ದಾಟಿ ಬಂದಿದ್ದಳೇ? “ಇನ್ನೊಮ್ಮೆ ಒತ್ತು,” ಎಂದೆ. ಮತ್ತೊಮ್ಮೆ ಅಂದೆ. ಅವನು ಬೇಸತ್ತು ನನ್ನನ್ನು ಪಕ್ಕಕ್ಕೆ ಸರಿಸಿ, ಜೋರಾಗಿ ಒದ್ದೇಬಿಟ್ಟ.

ಗಾಡಿ ಕೂಗಿಕೊಂಡ ಕೂಗಿಗೆ ಎದುರಿನ ಮರದ ಮುಸುವಗಳೆಲ್ಲ ಒಮ್ಮೆಲೇ ಹಾರಿದವು. ನಾನು ಕೂತಲ್ಲೇ ಹಿಂದಕ್ಕೆ ಬಿದ್ದೆ. ಅವನು ಆಫ್ ಮಾಡಿದ. ರೋಗ ಎಂಜಿನ್ನಿನದಲ್ಲ, ಬಿಚ್ಚಿಟ್ಟ ಸೈಲೆನ್ಸರಿನದು.

ಅದರ ಬಾಲದೊಳಗೆ ಟಾರ್ಚು ಬಿಟ್ಟರೆ ಮಣ್ಣಿನ ಬಿರಡೆ. ಕೆಸರು ಸಿಡಿದು ಕಟ್ಟಿದ್ದಲ್ಲ. ಕಮಾನು ಕಮಾನಾಗಿ, ಒಂದರ ಮೇಲೊಂದು ಒತ್ತಿ, ನುಣ್ಣಗೆ ಸವರಿ ಮುಚ್ಚಿದ ಮಣ್ಣು. ಮಳೆ ಬಿಡುವು ಕೊಟ್ಟಾಗೆಲ್ಲ ಸಣ್ಣ ನಡುವಿನ ಕರಿ ಹುಳವೊಂದು ಬಾಯಲ್ಲಿ ಮಣ್ಣುಂಡೆ ಹಿಡಿದು ಕೊಟ್ಟಿಗೆಯೊಳಗೆ ಹಾರಾಡುತ್ತಿದ್ದುದು ನೆನಪಾಯಿತು. ಅದು ಕಚ್ಚಿದರೆ ಎಂದು ನಾನು ಅಷ್ಟು ದಿನ ಅತ್ತ ಸುಳಿದಿರಲಿಲ್ಲ.

“ಕುಂಬಾರ ಹುಳ!” ಎಂದು ಭಾವಮೈದುನ ಕಬ್ಬಿಣದ ಸರಳು ತಂದ. “ಒಂದ ತಿವಿತ ನೋಡ್ರಿ, ಕೆಲಸ ಮುಗೀತು.”

“ಏ ನಿಲ್ಲೋ!” ಒಲೆಯ ಮೇಲಿನ ಹಾಲು ಉಕ್ಕಿದರೂ ಹೀಗೆ ಕೂಗದವಳು ಕೂಗಿದಳು. “ಮನ್ಯಾಗ ಬಸುರಿ ಇದ್ದಾಗ ಕುಂಬಾರ ಹುಳದ ಗೂಡು ಒಡೀತಾರೇನು?”

“ಬಸುರಿ ಹಳಿಯಾಳದಾಗ ಅದಾಳಲ್ಲಕ್ಕಾ. ಈ ಮನ್ಯಾಗ ಎಲ್ಲಿ?”

“ನನ್ನ ಮಗಳಿಗೆ ಇದು ಮನಿ ಅಲ್ಲೇನು?”

ಅವನು ನನ್ನತ್ತ ನೋಡಿದ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಮನೆಯಲ್ಲಿ ಭಾಷಣ ಮಾಡಿದವನು. ಅವನು ಸರಳನ್ನು ನನ್ನ ಕೈಗೆ ಕೊಟ್ಟ. ಆ ಮುಚ್ಚಳದ ಹಿಂದೆ ಏನಿದೆಯೆಂದು ನನಗೆ ಗೊತ್ತಿತ್ತು: ಸಾಯದೆ, ಕದಲದೆ ಬಿದ್ದ ಪುಟ್ಟ ಜೇಡಗಳು, ಇನ್ನೂ ಹುಟ್ಟದ ಮರಿಗೆಂದು ತಾಯಿ ತುಂಬಿಟ್ಟ ಬುತ್ತಿ. ಬುತ್ತಿ ಕಟ್ಟಿಟ್ಟು, ಬಾಗಿಲು ಮೆತ್ತಿ, ಮರಿಯ ಮುಖ ಕಾಣದೆಯೇ ಅವಳು ಹೊರಟುಹೋಗಿದ್ದಳು. ಕಟ್ಟೆಯ ಮೇಲೆ ಚಟ್ನಿಪುಡಿಯ ವಾಸನೆ. ಸರಳು ಕೈಯಲ್ಲಿ ಭಾರವಾಯಿತು. ಕೆಳಗಿಟ್ಟೆ.

“ಸೈಲೆನ್ಸರ್ ಇಲ್ಲದನ ಹೋಗೂಣು,” ಎಂದೆ.

“ಊರಿಗೆ ಊರ ಎದ್ದು ಬರ್ತೈತಿ ಮಾಮಾ.”

“ಬರ್ಲಿ.”

ಸೈಲೆನ್ಸರನ್ನು ಅಲುಗದಂತೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿಗೆಯ ತೊಲೆಗೆ ಕಟ್ಟಿದೆವು, ಬಾಲದ ತುದಿ ಹೊರಗೆ ಬಿಟ್ಟು.

ಮರುದಿನ ಹೊರಟೆವು. ನಾನು ಮುಂದೆ, ಕಿವಿಗೆ ಹತ್ತಿ ತುರುಕಿಕೊಂಡು. ಹೆಂಡತಿ ಹಿಂದೆ, ಬುತ್ತಿಯ ಬುಟ್ಟಿ ಎದೆಗವಚಿಕೊಂಡು. ಭಾವಮೈದುನ ಪಕ್ಕದಲ್ಲಿ ನಡೆಯುತ್ತ, ಅವಳ ಬೆನ್ನಿಗೆ ಕೈ ಕೊಟ್ಟು. ಎಂಜಿನ್ನಿಗೆ ಎಳೆತ ಕಡಿಮೆ, ಸದ್ದು ಮಾತ್ರ ಸೂಪಾ ಡ್ಯಾಮಿನವರೆಗೆ. ಹಳ್ಳದ ಕಲ್ಲುಗಳ ನಡುವೆ ಗಾಡಿ ಒಂದು ಕ್ಷಣ ತಡೆದು ನಿಂತಿತು. ಆಮೇಲೆ ಅದು ಬೊಬ್ಬಿಡುತ್ತ ಏರಿತು.

ರಸ್ತೆಯಲ್ಲಿ ಫಾರೆಸ್ಟ್ ಗಾರ್ಡ್ ಎರಡೂ ಕಿವಿ ಮುಚ್ಚಿಕೊಂಡು ಅಡ್ಡ ನಿಂತಿದ್ದ. ದಂಡ, ಕೇಸು, ಗಾಡಿ ಜಪ್ತಿ ಎಲ್ಲ ನನ್ನ ಕಣ್ಣಮುಂದೆ ಬಂದವು.

“ಏನ್ರಿ ಇದು! ಇದನ್ನ ಕಾಡಂತೀರೋ, ಸಂತಿ ಅಂತೀರೋ?”

“ಮಗಳ ಕುಬಸಕ್ಕ ಹೊಂಟೀನ್ರಿ ಅಣ್ಣಾರ,” ಎಂದಳು ಹೆಂಡತಿ ಹಿಂದಿನಿಂದ. “ಸೈಲೆನ್ಸರ್‌ನ್ಯಾಗ ಕುಂಬಾರ ಹುಳ ಗೂಡು ಕಟ್ಟೇತಿ.”

ಅವನು ಕಿವಿಯಿಂದ ಕೈ ತೆಗೆದ. ಬುಟ್ಟಿ ನೋಡಿದ. “ಒಡದಿಲ್ಲಲ್ಲಾ?”

“ಇಲ್ರಿ.”

“ಚಲೋ ಆತು, ಹೋಗ್ರಿ. ಬರೂ ಮುಂದ ಮಾತ್ರ ತಳ್ಳಕೊಂಡು ಬರ್ರಿ ಮತ್ತ,” ಎಂದು ದಾರಿ ಬಿಟ್ಟ.

ಅಲ್ಲಿಂದ ಭಾವಮೈದುನನ ಜೀಪು. ಹಳಿಯಾಳದಲ್ಲಿ ಹಸಿರು ಸೀರೆಯುಟ್ಟು ಕೂತ ಮಗಳಿಗೆ ಅವಳ ತಾಯಿ ಬಳೆ ತೊಡಿಸುವಾಗ ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಿವಿಯಲ್ಲಿ ಇನ್ನೂ ಗುಂಯ್‌ಗುಟ್ಟುತ್ತಿತ್ತು. ಯಾರು ಏನು ಹಾಡುತ್ತಿದ್ದಾರೆಂದು ಕೇಳಿಸಲಿಲ್ಲ. ಮಗಳ ಹೊಟ್ಟೆಯ ಮೇಲಿನ ಸೆರಗು ಒಳಗಿನಿಂದ ಒಮ್ಮೆ ಅಲುಗಿದ್ದು ಮಾತ್ರ ಕಂಡಿತು.

ಮೊನ್ನೆ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಮಣ್ಣಿನ ಮುಚ್ಚಳದಲ್ಲಿ ಒಂದು ದುಂಡು ತೂತು, ಒಳಗಿನಿಂದ ಕೊರೆದದ್ದು. ತುದಿಯಲ್ಲಿ ಕರಿ ಹುಳವೊಂದು ರೆಕ್ಕೆ ಒಣಗಿಸಿಕೊಳ್ಳುತ್ತ ಕೂತಿತ್ತು. ಅಷ್ಟು ಹತ್ತಿರ ನಿಂತರೂ ಕಚ್ಚೀತೆಂಬ ಯೋಚನೆ ಬರಲಿಲ್ಲ. ಅದು ಹಾರಿಹೋದ ಮೇಲೂ ಬಹಳ ಹೊತ್ತು ನಿಂತಿದ್ದೆ.

“ಇನ್ನ ಬಡದು ತಗೀರಿ ಅದನ್ನ, ಹೊಂಟು ಹೋದ್ವಲ್ಲಾ,” ಎನ್ನುತ್ತಾಳೆ ಹೆಂಡತಿ. “ತರಕಾರಿಗೆ ಹೋದ್ರ ಊರೆಲ್ಲಾ ಕೇಳ್ತೈತಿ.”

ಒಳಗೆ ಇನ್ನೊಂದು ಇದ್ದರೆ? ಮಗಳಿಗೆ ದಿನ ತುಂಬಲು ಇನ್ನೂ ಸಮಯವಿದೆ. ಸೈಲೆನ್ಸರ್ ತೊಲೆಯಲ್ಲೇ ಇದೆ. ನಾನು ಗಾಡಿಯನ್ನು ರಸ್ತೆಯವರೆಗೆ ತಳ್ಳಿಕೊಂಡೇ ಹೋಗುತ್ತೇನೆ.