ತಟ್ಟೆಗೆ ಅಡ್ಡ ಇಟ್ಟ ಕೈ

ಅನಾಥಾಶ್ರಮದಲ್ಲಿ ಊಟಕ್ಕೆ ಕೂತರೆ ಎಡಗೈಯನ್ನು ತಟ್ಟೆಗೆ ಅಡ್ಡ ಇಡಬೇಕು. ಯಾರೂ ಕಲಿಸುವುದಿಲ್ಲ. ಪಕ್ಕದವನು ಒಂದೆರಡು ಸಲ ಚಪಾತಿ ಎತ್ತಿಕೊಂಡರೆ ತಾನೇ ಬರುತ್ತದೆ. ನನಗೆ ಬಂತು, ನನ್ನ ತಂಗಿಗೂ ಬಂತು. ಅಪ್ಪ ಅವ್ವ ಸತ್ತ ಮೇಲೆ ಇಬ್ಬರನ್ನೂ ಅಲ್ಲೇ ಬಿಟ್ಟಿದ್ದರು.

ಆಮೇಲೆ ನಿಗಡಿಯ ಒಂದು ಮನೆಯವರು ಅವಳನ್ನು ಸಾಕುತ್ತೇವೆ ಅಂದರು. ಬಟ್ಟೆ ಅಂಗಡಿಯವರು, ವಿಜಾಪುರ ಕಡೆಯವರು. ಆ ಮರಾಠಿ ಊರಲ್ಲಿ ನಮ್ಮ ಕನ್ನಡ ಮಾತಿನವರೇ ಅಂತ ಆಶ್ರಮದವರು ಕೊಟ್ಟರು. ಅವರಿಗೆ ಒಂದೇ ಹುಡುಗಿ ಬೇಕಿತ್ತು. ನಾನು ಅಲ್ಲೇ ಉಳಿದೆ.

ಹದಿನೆಂಟಾದ ಮೇಲೆ ಹೊರಗೆ ಬಿಟ್ಟರು. ಹತ್ತಿರದ ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇತ್ ಮಶೀನಿನ ಕೆಲಸ ಸಿಕ್ಕಿತು. ಬಾಡಿಗೆಗೆ ಒಂದೇ ಕೋಣೆಯ ಖೋಲಿ ಹಿಡಿದೆ. ಎರಡು ಹಾಸಿಗೆ ತಂದು, ತಂಗಿಗೆ ಅಂತ ಒಂದನ್ನು ಕಿಟಕಿ ಕಡೆ ಹಾಕಿದೆ. ಹುಡುಗಿ ಅಣ್ಣನ ಜೊತೆ ಬರುತ್ತೇನೆ ಅಂದರೆ ನೋಡೋಣ ಅಂತ ಮಕ್ಕಳ ಕಲ್ಯಾಣ ಸಮಿತಿಯವರು ಹೇಳಿದ್ದರು. ಅವಳನ್ನೇ ಕೇಳಲು ಒಂದು ಭಾನುವಾರ ನಿಗಡಿಗೆ ಹೋದೆ.

ಆ ಮನೆಯ ಅಮ್ಮ ಬಾಗಿಲು ತೆರೆದರು. "ಬಾರಪ್ಪಾ. ಮೊದಲ ಉಣ್ಣು, ಮಾತು ಆಮ್ಯಾಲೆ."

ತಂಗಿ ಎದುರಿಗೆ ಕೂತಳು. ಎತ್ತರ ಆಗಿದ್ದಳು.

"ಅಣ್ಣಾ, ಕೈ ತೊಳ್ಕೊಂಡಿಯೋ ಇಲ್ಲೋ? ಭಾಳ ಕರ್ರಗ ಅದಾವ."

"ತೊಳ್ಕೊಂಡೀನಿ. ಆಯಿಲ್ ಅದು, ಹೋಗಂಗಿಲ್ಲ."

"ಕಳ್ಳ," ಅಂತ ನಕ್ಕಳು.

ಸಾಲೆಯ ಸುದ್ದಿ ಹೇಳುತ್ತಾ ಎಡಗೈ ಗಾಳಿಯಲ್ಲಿ ಆಡಿಸುತ್ತಿದ್ದಳು. ರೊಟ್ಟಿ ಹಾಗೇ ಆರುತ್ತಿತ್ತು. ಅಮ್ಮ ಬಂದು, ಕೇಳದೆ, ಅವಳ ತಟ್ಟೆಯಿಂದ ರೊಟ್ಟಿ ಎತ್ತಿಕೊಂಡರು.

"ಬಿಸಿದು ಹಾಕ್ತೀನಿ ತಡಿ."

ತಂಗಿ ತಟ್ಟೆ ನೋಡಲೇ ಇಲ್ಲ. ಮಾತು ನಿಲ್ಲಿಸಲಿಲ್ಲ.

ಅವರ ಕೈ ನನ್ನ ತಟ್ಟೆಗೆ ಬಂತು. ನನ್ನ ತೋಳು ತಾನೇ ಅಡ್ಡ ಬಿತ್ತು, ಅವರ ಬಳೆಗೆ ಬಡಿಯಿತು.

"ಅಣ್ಣಾ, ಕೈ ತಗಿ," ಅಂದಳು ತಂಗಿ, ಸಣ್ಣ ಹುಡುಗರಿಗೆ ಹೇಳಿದ ಹಾಗೆ. "ಇಲ್ಲಿ ಯಾರೂ ಕಸ್ಕೊಳ್ಳಂಗಿಲ್ಲ."

ತೆಗೆದೆ. ಖೋಲಿಯಲ್ಲಿ ಒಬ್ಬನೇ ಉಣ್ಣುವಾಗಲೂ ಆ ಕೈ ಅಲ್ಲೇ ಇರುತ್ತದೆ. ಅವಳು ಅದನ್ನು ಮರೆತಿದ್ದಾಳೆ. ನನ್ನ ಎದುರು ದಿನಾ ಕೂತರೆ ಮತ್ತೆ ನೆನಪಾಗುತ್ತದೆ.

ನಾನು ಹೊರಟು ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದಳು. "ಫೋನಿನ್ಯಾಗ ಏನೋ ಕೇಳೋದದ ಅಂದಿದ್ದಿಯಲ್ಲ?"

"ಏನಿಲ್ಲ. ಖೋಲಿ ಹಿಡದೀನಿ, ಅಷ್ಟ."

"ಚಲೋ ಆತು. ಒಬ್ಬನಿಗೆ ದೊಡ್ಡದಾಗತದೇನು?"

"ಇಲ್ಲ. ಸಾಕಾಗತದ."

ಕಿಟಕಿ ಕಡೆಯ ಹಾಸಿಗೆ ಇನ್ನೂ ಇದೆ. ಕೆಲಸದ ಬಟ್ಟೆ ಒಣಗಿದ ಮೇಲೆ ಅದರ ಮೇಲೆ ಹಾಕುತ್ತೇನೆ.