ಹಲ್ಲಿಗೆ ಕೇಳಿದ ಗಂಟೆ

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜಿಲಾನಿಸಾಬ್ ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದರು. ಗಂಟೆ ಹೊಡೆಯುವ ಹಳೆಯ ಗಡಿಯಾರ ಕೆಟ್ಟರೆ ಲಿಂಗಸುಗೂರಿನವರೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಆದರೆ ಎರಡು ವರ್ಷದಿಂದ ಅವರ ಕಿವಿ ಮಂದವಾಗಿತ್ತು. ಅದನ್ನು ಯಾರಿಗೂ ಹೇಳದೆ, "ಇದರ ಸಾಮಾನು ಈಗ ಸಿಗಂಗಿಲ್ಲ" ಎಂದು ನೆಪ ತೆಗೆದು ಅಂಥ ಗಡಿಯಾರಗಳನ್ನು ವಾಪಸು ಕಳಿಸಿಬಿಡುತ್ತಿದ್ದರು. ಸೆಲ್ ಹಾಕುವುದು, ಬೆಲ್ಟ್ ಬದಲಿಸುವುದು, ಕೆಲಸ ಅಷ್ಟಕ್ಕೇ ಬಂದು ನಿಂತಿತ್ತು.

ಒಂದು ಮಂಗಳವಾರ ದಢೇಸುಗೂರಿನ ರೈತ ಅಮರಗುಂಡಪ್ಪ, ಅಜ್ಜನ ಕಾಲದ ಗೋಡೆ ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿ ತಂದ.

"ಟೈಮ್ ಬರೋಬ್ಬರಿ ತೋರಸ್ತೈತ್ರೀ. ದನಿ ಸತ್ತೈತಿ. ಮೊದ್ಲು ಗದ್ದಿತನಕ ಕೇಳತಿತ್ತು, ಈಗ ಕಟಗಿ ಬಡದಂಗ ಠಕ್ ಅಂತೈತಿ. ಸಿಂಧನೂರಾಗ ಒಬ್ರು ಎಣ್ಣಿ ಬಿಟ್ಟು ಕೊಟ್ರು, ಏನೂ ಫರಕ್ ಆಗ್ಲಿಲ್ಲ."

ಜಿಲಾನಿಸಾಬ್ ಬಾಯಿ ತೆರೆಯುವಷ್ಟರಲ್ಲಿ, ಅಂಗಡಿಯ ಹಿಂದಿನ ಮನೆಯಿಂದ ಚಹಾ ತಂದಿದ್ದ ಹೆಂಡತಿ ಕರೀಮಾಬಿ ನಡುವೆ ಮಾತಾಡಿದರು. "ಇವರಿಗೆ ಕಿವಿ ಸರಿಯಾಗಿ ಕೇಳಂಗಿಲ್ರೀ ಅಣ್ಣಾ, ಅದಕ್ಕ ಬ್ಯಾಡ ಅಂತಾರ." ಗಂಡನ ಕಡೆ ತಿರುಗಿ ದನಿ ಏರಿಸಿದರು. "ನೀವು ಬಿಚ್ಚರಿ. ನಾ ಕೇಳಿ ಹೇಳ್ತೀನಿ."

ಜಿಲಾನಿಸಾಬರಿಗೆ ತಲೆ ಎತ್ತಲಾಗಲಿಲ್ಲ. ಅಮರಗುಂಡಪ್ಪ ನಗಲಿಲ್ಲ. "ನಮ್ಮವ್ವಂದೂ ಹಂಗೇ ಐತ್ರೀ. ನೋಡ್ರಿ, ನಾ ಕುಂದ್ರತೀನಿ" ಎಂದ.

ಗಡಿಯಾರವನ್ನು ಗೋಡೆಗೆ ನೆಟ್ಟಗೆ ತೂಗುಹಾಕಿ, ಮುಳ್ಳನ್ನು ಹನ್ನೆರಡಕ್ಕೆ ತಂದರು. ಠಕ್. ಠಕ್.

"ದನಿ ಹುಟ್ಟಿದ ಕೂಡ್ಲೆ ಯಾರೋ ಬಾಯಿ ಮುಚ್ಚಿದಂಗ ಆಗಾಕತ್ತೈತಿ" ಎಂದರು ಕರೀಮಾಬಿ.

ಜಿಲಾನಿಸಾಬರು ಸ್ಕ್ರೂಡ್ರೈವರಿನ ತುದಿಯನ್ನು ಗಡಿಯಾರದ ಹಲಗೆಗೆ ಒತ್ತಿ, ಅದರ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದರು. ಕಿವಿಗೆ ಸಿಗದಿದ್ದ ದನಿ ದವಡೆಯೊಳಗೆ ನಡುಗಿತು. ನಡುಗಿ, ತಟ್ಟನೆ ತುಂಡಾಯಿತು. ಅವರಿಗೆ ಗೊತ್ತಾಯಿತು. ಒಳಗಿನ ಪುಟ್ಟ ಸುತ್ತಿಗೆ, ದನಿ ಹೊರಡಿಸುವ ಉಕ್ಕಿನ ಸುರುಳಿಗೆ ಬಡಿದ ಮೇಲೆ ಹಿಂದೆ ಸರಿಯದೆ ಅದರ ಮೇಲೇ ಒರಗಿ ನಿಲ್ಲುತ್ತಿತ್ತು. ಸುತ್ತಿಗೆಯ ತಂತಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಗ್ಗಿಸಿ, ಮತ್ತೆ ಗಂಟೆ ಹೊಡೆಸಿದರು.

"ದನಿ ಬಂತು. ಆದ್ರ ಜರ್ ಜರ್ ಅಂತೈತಿ" ಎಂದರು ಕರೀಮಾಬಿ.

ಸುರುಳಿಯನ್ನು ಹಲಗೆಗೆ ಹಿಡಿದಿದ್ದ ಸ್ಕ್ರೂ ಸಡಿಲವಾಗಿತ್ತು. ಅದನ್ನು ಬಿಗಿದು, ಇನ್ನೊಮ್ಮೆ ಗಂಟೆ ಹೊಡೆಸಿ, ಮತ್ತೆ ಹಿಡಿಯನ್ನು ಕಚ್ಚಿ ಕಣ್ಣು ಮುಚ್ಚಿದರು. ಈ ಸಲ ನಡುಕ ದವಡೆಯಿಂದ ನೆತ್ತಿಯವರೆಗೂ ಏರಿ, ನಿಧಾನವಾಗಿ ಕರಗಿತು. ಕಣ್ಣು ತೆರೆದಾಗ ಎದುರಿನ ಚಹಾದಂಗಡಿಯವನೂ ಇತ್ತ ತಿರುಗಿ ನೋಡುತ್ತಿದ್ದ. ಅಮರಗುಂಡಪ್ಪ ಎದ್ದು ನಿಂತಿದ್ದ.

"ಇದೇ ರೀ ನಮ್ಮ ಗಂಟಿ! ಇದೇ!"

ಜಿಲಾನಿಸಾಬರು ಆಮೇಲೆ ಯಾರನ್ನೂ ನೆಪ ಹೇಳಿ ವಾಪಸು ಕಳಿಸಲಿಲ್ಲ. ಮರುವಾರವೇ ಲಿಂಗಸುಗೂರಿನಿಂದ ಒಂದು ಗಡಿಯಾರ ಬಂತು. "ಇದರ ದನಿ ಹೆಂಗೈತಿ, ಬಂದು ಕೇಳು" ಎಂದು ಒಳಗೆ ಕೂಗಿದರು. ಕರೀಮಾಬಿ ಕೈಗಂಟಿದ ಹಿಟ್ಟನ್ನು ಒರೆಸಿಕೊಳ್ಳುತ್ತ ಪಕ್ಕದಲ್ಲಿ ಬಂದು ಕುಳಿತರು.