ಮುನಿಶಾಮಮ್ಮನ ಮೂಗು

ಕೈವಾರದ ಬಸ್ ನಿಲ್ದಾಣದ ಪಕ್ಕ ಮುನಿಶಾಮಮ್ಮ ಸೊಗದೆ ಬೇರಿನ ಶರಬತ್ತು ಮಾರುತ್ತಿದ್ದ ಕಾಲದಲ್ಲಿ ಅವಳ ಮೂಗಿಗೆ ಹೆದರದವರಿರಲಿಲ್ಲ. ಬೇರು ತರುವ ನಲ್ಲಪ್ಪ ಮೂಟೆ ಇಳಿಸುವ ಮೊದಲೇ, "ಮುಗ್ಗಲು ಹಿಡಿದಿರೋದನ್ನ ನನ್ನ ತಲೆಗೆ ಕಟ್ತೀಯೇನಪ್ಪ?" ಎಂದು ದಬಾಯಿಸುತ್ತಿದ್ದಳು. ಮೂಟೆ ಬಿಚ್ಚಿದರೆ ತಳದಲ್ಲಿ ಬೂಷ್ಟು ಹಿಡಿದ ಬೇರು ಇದ್ದೇ ಇರುತ್ತಿತ್ತು. ಅಂಥ ಮೂಗಿನ ಜೊತೆ ಸಂಸಾರ ಮಾಡುವುದು ಹುಡುಗಾಟವಲ್ಲ. ಗಂಡ ಗಂಗರಾಜು ಕದ್ದು ಬೀಡಿ ಸೇದಿ ಬಂದರೆ ಬೀದಿ ತಿರುವಿನಲ್ಲೇ ಸಿಕ್ಕಿಬೀಳುತ್ತಿದ್ದ, ಪಾಪ.

ಮಗಳು ಗೌತಮಿ ಆಹಾರ ವಿಜ್ಞಾನ ಓದಿ, ಶಿಡ್ಲಘಟ್ಟದಲ್ಲಿ ಒಂದು ಶೆಡ್ ಹಿಡಿದು, ಅದೇ ಶರಬತ್ತಿಗೆ ಗ್ಯಾಸ್ ತುಂಬಿ ಬಾಟಲಿಗೆ ಇಳಿಸಿದಳು. ಲೇಬಲ್ಲಿನ ಮೇಲೆ 'ಅಮ್ಮನ ಸೊಗದೆ ಸೋಡಾ' ಎಂದು ಅಚ್ಚು ಹಾಕಿಸಿದಳು. ಹೆಸರಿಗೆ ತಕ್ಕ ನಿಯಮವೂ ಇತ್ತು. ಪ್ರತಿ ಸಲ ತುಂಬಿದ ಮೇಲೆ ಅಮ್ಮ ಒಂದು ಬಾಟಲಿ ತೆಗೆದು ರುಚಿ ನೋಡಬೇಕು; ಅವಳು ಹೂಂ ಎನ್ನುವ ತನಕ ಒಂದು ಕ್ರೇಟೂ ಆಟೋ ಹತ್ತುವಂತಿಲ್ಲ. ಮುನಿಶಾಮಮ್ಮ ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿ, ನಾಲ್ಕು ಕಾಳು ಕಡ್ಲೆಪುರಿ ಅಗಿದು, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ಕೂರುತ್ತಿದ್ದಳು. ಒಳ್ಳೆಯ ಸೊಗದೆ ಗಂಟಲಿಗೆ ಇಳಿದ ಮೇಲೆ ಘಮ್ಮೆಂದು ಮೂಗಿಗೆ ಹಿಂದಿರುಗಬೇಕು. ಅವಳು ಕಾಯುತ್ತಿದ್ದುದು ಅದಕ್ಕೆ.

ಕಳೆದ ವರ್ಷ ಜ್ವರ ಬಂದು ಬಿಟ್ಟ ಮೇಲೆ ಆ ಘಮ ಹಿಂದಿರುಗಲೇ ಇಲ್ಲ. ನಾಲಿಗೆಗೆ ಸಿಹಿ ತಿಳಿಯುತ್ತಿತ್ತು, ಗ್ಯಾಸಿನ ಚುರುಕು ತಿಳಿಯುತ್ತಿತ್ತು, ಅಷ್ಟೇ. ಮಗಳಿಗೆ ಹೇಳದೆ ಕಂಡ ಡಾಕ್ಟರು, ಬಂದರೆ ಬರಬಹುದು, ಇಲ್ಲದಿದ್ದರೆ ಇಲ್ಲ ಎಂದರು. ಇಷ್ಟು ಹೇಳಲು ಡಾಕ್ಟರೇ ಬೇಕಿತ್ತೇ? ರೇಷ್ಮೆಗೂಡು ಬೇಯಿಸುವ ಮನೆಗಳ ಮುಂದೆ ಊರೆಲ್ಲ ಮೂಗು ಮುಚ್ಚಿಕೊಂಡು ಓಡುವಾಗ ಇವಳು ಅಲ್ಲೇ ನಿಂತು ಉಸಿರೆಳೆಯುತ್ತಿದ್ದಳು. ಆ ಗಬ್ಬುನಾತವಾದರೂ ಬರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಬಾರದಿದ್ದಾಗ ಅಳು ಒತ್ತರಿಸಿಕೊಂಡು ಬರುತ್ತಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಶೆಡ್ಡಿಗೆ ಹೋಗಿ ಗೌತಮಿಯ ಮುಖ ನೋಡುತ್ತಿದ್ದಳು. ಮುಖ ಗೆಲುವಾಗಿದ್ದರೆ ಸೋಡಾ ಚೆನ್ನಾಗಿದೆ. ಸಪ್ಪಗಿದ್ದರೆ ಬೇರು ಇನ್ನೊಂಚೂರು ನೆನೆಯಬೇಕಿತ್ತು. ನಿಜ ಹೇಳಿಬಿಟ್ಟರೆ ಆ ಶೆಡ್ಡಿನಲ್ಲಿ ತನಗೇನು ಕೆಲಸ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಚಿಕ್ಕಬಳ್ಳಾಪುರದಲ್ಲಿ ಹೋಟೆಲ್ ಇಟ್ಟಿರುವ ರಮೇಶ್‌ಬಾಬು, ರುಚಿ ಹಿಡಿಸಿದರೆ ಸೋಡಾ ತರಿಸಿಕೊಳ್ಳುತ್ತೇನೆಂದು ಶೆಡ್ಡಿಗೆ ಬಂದ. ಗೌತಮಿ ಫೋನು ಹಿಡಿದು ಹೊರಗಿದ್ದಳು. ಮುನಿಶಾಮಮ್ಮ ಹುಮ್ಮಸ್ಸಿನಿಂದ ಕೈಗೆ ಸಿಕ್ಕ ಕ್ರೇಟಿನಿಂದ ಬಾಟಲಿ ತೆಗೆದಳು. ಅದು ಹೊಸ ಮುಚ್ಚಳಗಳು ಗ್ಯಾಸ್ ತಡೆಯುತ್ತವೆಯೇ ಎಂದು ನೋಡಲು ಗೌತಮಿ ಬರೀ ಬೆಲ್ಲದ ನೀರಿಗೆ ಗ್ಯಾಸ್ ಹಾಕಿ ತುಂಬಿಸಿಟ್ಟಿದ್ದ ಕ್ರೇಟು. ಲೇಬಲ್ ಇನ್ನೂ ಯಾವುದಕ್ಕೂ ಅಂಟಿಸಿರಲಿಲ್ಲ, ಬಣ್ಣವೂ ಅದೇ.

ಅವಳು ಬಾಯಿ ಮುಕ್ಕಳಿಸಿ, ಪುರಿ ಅಗಿದು, ಗುಟುಕರಿಸಿ ಕಣ್ಣು ಮುಚ್ಚಿದಳು. ಗೌತಮಿ ಒಳಗೆ ಬಂದು ಕ್ರೇಟು ನೋಡಿ ಬೆಚ್ಚಿಬಿದ್ದಾಗ, ಅಮ್ಮನ ಮಾತು ಆಗಲೇ ಶುರುವಾಗಿತ್ತು.

"ಈ ಸಲ ಬೇರು ಸಕತ್ತಾಗಿ ಇಳಿದೈತಪ್ಪ. ಮೂಗಿನವರೆಗೂ ಬಂತು ನೋಡು ಘಮ. ಕುಡೀರಿ, ಕುಡೀರಿ."

ರಮೇಶ್‌ಬಾಬು ಕುಡಿದು ಹುಬ್ಬು ಗಂಟಿಕ್ಕಿದ. "ಏಮಮ್ಮಾ, ಇದು ಬರೀ ಬೆಲ್ಲದ ನೀರಲ್ವಾ?"

"ತಪ್ಪು ಕ್ರೇಟು ಸರ್," ಎಂದು ಗೌತಮಿ ಬೇರೆ ಬಾಟಲಿ ತೆರೆದುಕೊಟ್ಟಳು. ಅದು ಅವನಿಗೆ ಹಿಡಿಸಿತು. ವಾರವಾರ ಕಳಿಸಿ ಎಂದು ಹೇಳಿ ಹೋದ. ತಾಯಿ ಮಗಳಿಬ್ಬರಿಗೂ ಅದರಿಂದ ಸಂತೋಷವಾಗಲಿಲ್ಲ.

"ಯಾವಾಗಿಂದಮ್ಮ?"

"ಜ್ವರ ಬಂತಲ್ಲ, ಆವಾಗಿಂದ ಕಣಮ್ಮ."

"ಯುಗಾದಿ ಹೊತ್ನಲ್ಲಿ ಚಿಂತಾಮಣಿಯಿಂದ ಮಾಲೆಲ್ಲಾ ವಾಪಸ್ ಬಂತಲ್ಲ, ಮುಗ್ಗಲು ಅಂತ? ಅದಕ್ಕೂ ನೀನೇ ಹೂಂ ಅಂದಿದ್ದೆ. ನಾನು ಅಂಗಡಿಯವರ ಜೊತೆ ಜಗಳ ಆಡಿದೆ."

"ನಿನ್ನ ಮುಖ ನೋಡಿ ಹೇಳ್ಬಿಟ್ಟೆ ಕಣೇ. ನೀನು ನಗ್ತಿದ್ದೆ."

ಗೌತಮಿಗೆ ಕೋಪಕ್ಕಿಂತ ಅಳುವೇ ಹೆಚ್ಚು ಬಂತು. "ದಿನವೆಲ್ಲಾ ಬೇರು ಕುದಿಸೋ ಹಬೆಯಲ್ಲಿ ನಿಂತಿರ್ತೀನಿ, ನಂಗ್ಯಾವ ವಾಸನೆ ತಿಳಿಯುತ್ತಮ್ಮ? ನಾನು ನಿನ್ನ ಮುಖ ನೋಡ್ಕೊಂಡೇ ನಗ್ತಿದ್ದೆ."

ಮುನಿಶಾಮಮ್ಮನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳು ಬೈಯಲಿಲ್ಲ, ಎದ್ದು ಹೋಗಿ ಮುಖ ತೊಳೆದುಕೊಂಡಳು.

ಮುಂದಿನ ಸಲ ಸೋಡಾ ತುಂಬಿದಾಗಲೂ ಗೌತಮಿ ಅಮ್ಮನ ಮುಂದೆ ಬಿಸಿನೀರು ತಂದಿಟ್ಟಳು, ಕಡ್ಲೆಪುರಿ ಕೊಟ್ಟಳು, ಲೋಟಕ್ಕೆ ಸೋಡಾ ಬಗ್ಗಿಸಿದಳು. "ಹೆಂಗಿದೆಯಮ್ಮ?" ಎಂದು ಎಂದಿನ ಅಕ್ಕರೆಯಲ್ಲೇ ಕೇಳಿದಳು. ಮುನಿಶಾಮಮ್ಮ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಹೊರಗೆ ಅದೇ ಸೋಡಾದ ಕ್ರೇಟುಗಳನ್ನು ತುಂಬಿಕೊಂಡ ಆಟೋ ಹೊರಟುಹೋದ ಸದ್ದು ಕೇಳಿಸಿತು. ಆ ಸದ್ದು ಅಡಗಿದ ಮೇಲೆ ಅವಳು, "ಚೆನ್ನಾಗೈತೆ ಕಣಮ್ಮ, ಕಳಿಸು," ಎಂದಳು.